ಶಿಬ್ಬೊಲೆತ್: ಅಪರೂಪದ ಇಂಗ್ಲಿಷ್ ಪದವೊಂದರ ಅರ್ಥವನ್ನೂ ಮೂಲವನ್ನೂ ಹುಡುಕುವ ಕ್ರಮ

ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯಗಳಲ್ಲಿ, ಭಾಷಾವಿಜ್ಞಾನದ ಪುಸ್ತಕಗಳಲ್ಲಿ, ರಾಜಕೀಯ ವಿಮರ್ಶೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣಿಸಿಕೊಳ್ಳುವ ‘ಶಿಬ್ಬೊಲೆತ್’ ಎಂಬ ಪದಕ್ಕೆ ಒಂದೇ ಒಂದು ಕನ್ನಡ ಪದವನ್ನು ಹೊಂದಿಸಲು ಹೊರಟವರು ಬೇಗನೆ ತೊಡಕಿಗೆ ಸಿಲುಕುತ್ತಾರೆ. ಒಂದು ಬರಹದಲ್ಲಿ ಅದು ಹೊರಗಿನವರನ್ನು ಪತ್ತೆಹಚ್ಚಲು ಬಳಸುವ ಮಾತು. ಇನ್ನೊಂದರಲ್ಲಿ ಸತ್ವ ಕಳೆದುಕೊಂಡರೂ ಪಕ್ಷದವರು ಬಿಡದೆ ಹೇಳುತ್ತಿರುವ ಹಳೆಯ ಘೋಷಣೆ. ಮತ್ತೊಂದರಲ್ಲಿ ಒಂದು ವರ್ಗದವರು ತಮ್ಮವರನ್ನು ಗುರುತಿಸಿಕೊಳ್ಳುವ ಉಡುಗೆ ಅಥವಾ ನಡವಳಿಕೆ. ಕಿರುನಿಘಂಟುಗಳು ಈ ಅರ್ಥಗಳನ್ನು ಒಂದರ ಕೆಳಗೊಂದು ಜೋಡಿಸಿ ಸುಮ್ಮನಾಗುತ್ತವೆ. ಅವುಗಳ ನಡುವಣ ನಂಟು ತಿಳಿಯದೆ ಇದ್ದರೆ ಆ ಪದವನ್ನು ಓದಿ ಮುಂದೆ ಸಾಗಬಹುದು, ಆದರೆ ಧೈರ್ಯದಿಂದ ಬಳಸಲಾಗುವುದಿಲ್ಲ. ಆ ನಂಟನ್ನು ಹೇಗೆ ಕಂಡುಕೊಳ್ಳಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ತೋರಿಸಲು ಪ್ರಯತ್ನಿಸುತ್ತೇನೆ. ಇದೇ ಕ್ರಮವನ್ನು ಬೇರೆ ಅಪರೂಪದ ಪದಗಳಿಗೂ ಅನ್ವಯಿಸಬಹುದು.

ಕೆಲಸ ಆರಂಭಿಸುವ ಮೊದಲೇ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಪದದ ರೂಪ ಎಲ್ಲಿಂದ ಬಂದಿತು ಎಂಬುದು ಒಂದು. ಪದಕ್ಕೆ ಇಂದಿನ ಅರ್ಥ ಎಲ್ಲಿಂದ ಬಂದಿತು ಎಂಬುದು ಮತ್ತೊಂದು. ಅನೇಕ ಪದಗಳಲ್ಲಿ ಇವೆರಡಕ್ಕೂ ಒಂದೇ ಉತ್ತರ ದೊರೆಯುವುದರಿಂದ ನಾವು ಇವುಗಳನ್ನು ಬೆರೆಸಿಬಿಡುತ್ತೇವೆ. ಶಿಬ್ಬೊಲೆತ್ ಪದದಲ್ಲಿ ಉತ್ತರಗಳು ಎರಡು ದಿಕ್ಕಿಗೆ ಹೋಗುತ್ತವೆ. ಪದಮೂಲವನ್ನು ಅಭ್ಯಾಸ ಮಾಡುವವರಿಗೆ ಇದು ಒಳ್ಳೆಯ ಮಾದರಿ ಎಂದು ನಾನು ಭಾವಿಸುವುದು ಈ ಕಾರಣಕ್ಕೇ.

ನಿಘಂಟಿಗಿಂತ ಮೊದಲು ವಾಕ್ಯಗಳು

ಅಪರಿಚಿತ ಪದ ಕಂಡ ಕೂಡಲೇ ನಿಘಂಟನ್ನು ತೆರೆಯುವುದು ನಮ್ಮೆಲ್ಲರ ರೂಢಿ. ಸಾಧ್ಯವಿದ್ದರೆ ಅದನ್ನು ಸ್ವಲ್ಪ ಮುಂದೂಡಿ, ಪದ ಬಂದಿರುವ ವಾಕ್ಯವನ್ನು ಪೂರ್ತಿಯಾಗಿ, ಅದರ ಹಿಂದಿನ ಮತ್ತು ಮುಂದಿನ ವಾಕ್ಯಗಳೊಡನೆ, ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಅಂತರ್ಜಾಲದ ಪತ್ರಿಕಾ ಸಂಗ್ರಹಗಳಲ್ಲಿ ಹುಡುಕಿದರೆ ಅದೇ ಪದದ ಇನ್ನೂ ಕೆಲವು ಬಳಕೆಗಳು ಸಿಗುತ್ತವೆ. ಶಿಬ್ಬೊಲೆತ್ ಪದದ ಬಳಕೆಗಳನ್ನು ಕನ್ನಡದಲ್ಲಿ ಹೇಳುವುದಾದರೆ ಅವು ಹೆಚ್ಚುಕಡಿಮೆ ಹೀಗಿರುತ್ತವೆ: ‘ಮುಕ್ತ ಮಾರುಕಟ್ಟೆ ಎಂಬ ಹಳೆಯ ಶಿಬ್ಬೊಲೆತ್ ಅನ್ನು ಪಕ್ಷವು ಇನ್ನಾದರೂ ಕೈಬಿಡಬೇಕು’, ‘ಆ ಊರಿನ ಹೆಸರನ್ನು ಉಚ್ಚರಿಸುವ ಬಗೆಯೇ ಸ್ಥಳೀಯರ ಪಾಲಿಗೆ ಶಿಬ್ಬೊಲೆತ್ ಆಗಿತ್ತು’, ‘ವಾಕ್ಯದ ಕೊನೆಯಲ್ಲಿ ಉಪಸರ್ಗಾವ್ಯಯ (ಪ್ರಿಪೊಸಿಷನ್) ಬರಬಾರದೆಂಬುದು ವ್ಯಾಕರಣದ ಶಿಬ್ಬೊಲೆತ್‌ಗಳಲ್ಲಿ ಒಂದು’.

ಈ ಮೂರು ವಾಕ್ಯಗಳನ್ನು ಎದುರಿಗೆ ಇಟ್ಟುಕೊಂಡು ನಿಮ್ಮದೇ ಊಹೆಯೊಂದನ್ನು ಬರೆಯಿರಿ. ಊಹೆ ತಪ್ಪಾದರೂ ಚಿಂತೆಯಿಲ್ಲ. ಮೊದಲನೆಯ ವಾಕ್ಯದಲ್ಲಿ ಪದಕ್ಕೆ ನಿಂದೆಯ ಛಾಯೆ ಇದೆ, ಎರಡನೆಯದರಲ್ಲಿ ಇಲ್ಲ, ಮೂರನೆಯದರಲ್ಲಿ ಅರೆಬರೆ ಇದೆ ಎಂಬಷ್ಟನ್ನು ಗಮನಿಸಿದರೂ ನಿಘಂಟನ್ನು ತೆರೆಯುವಾಗ ನಿಮ್ಮ ಬಳಿ ಒಂದು ನಿಶ್ಚಿತ ಪ್ರಶ್ನೆ ಇರುತ್ತದೆ.

ಉಚ್ಚಾರಣೆಯನ್ನೂ ಈ ಹಂತದಲ್ಲಿಯೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಇಂಗ್ಲಿಷಿನಲ್ಲಿ ಒತ್ತು ಬೀಳುವುದು ಮೊದಲ ಅಕ್ಷರದ ಮೇಲೆ. ನಡುವಿನ ಸ್ವರ ಬಹುತೇಕ ಕೇಳಿಸದಷ್ಟು ಸಡಿಲವಾಗಿರುತ್ತದೆ. ಕೊನೆಯ ಧ್ವನಿಯನ್ನು ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಉಸಿರಿನಿಂದ ಹೊರಡಿಸುತ್ತಾರೆ. ಕನ್ನಡದ ‘ತ್’ ಅದಕ್ಕೆ ಹತ್ತಿರವಾದ ಬದಲಿಯೇ ಹೊರತು ಅದೇ ಧ್ವನಿಯಲ್ಲ.

ನಿಘಂಟನ್ನು ಓದುವ ಬಗೆ

ಎಲ್ಲ ನಿಘಂಟುಗಳೂ ಒಂದೇ ಉದ್ದೇಶಕ್ಕಾಗಿ ಸಿದ್ಧವಾದವುಗಳಲ್ಲ. ವಿದ್ಯಾರ್ಥಿಗಳಿಗಾಗಿ ರಚಿಸಿದ ನಿಘಂಟು ಇಂದು ಹೆಚ್ಚು ಬಳಕೆಯಲ್ಲಿರುವ ಅರ್ಥವನ್ನು ಮೊದಲು ಕೊಡುತ್ತದೆ. ಪದಮೂಲವನ್ನು ಹುಡುಕುವವರಿಗೆ ಬೇಕಾದದ್ದು ಚಾರಿತ್ರಿಕ ನಿಘಂಟು, ಅಂದರೆ ಅತ್ಯಂತ ಹಳೆಯ ಅರ್ಥದಿಂದ ಆರಂಭಿಸಿ, ಪ್ರತಿಯೊಂದು ಅರ್ಥಕ್ಕೂ ಇಸವಿಯೊಡನೆ ಉದಾಹರಣೆಗಳನ್ನು ಕೊಡುತ್ತಾ ಹೋಗುವ ನಿಘಂಟು. ಇಂಗ್ಲಿಷಿಗೆ ಸಂಬಂಧಿಸಿದಂತೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಈ ಬಗೆಯದು. ಜೇಮ್ಸ್ ಮರೆ ಅವರ ಸಂಪಾದಕತ್ವದಲ್ಲಿ ಅದರ ಮೊದಲ ಕಂತು 1884ರಲ್ಲಿ ಹೊರಬಂದಿತು, ಮೊದಲ ಆವೃತ್ತಿ ಪೂರ್ಣಗೊಂಡದ್ದು 1928ರಲ್ಲಿ. ಸಾವಿರಾರು ಸ್ವಯಂಸೇವಕ ಓದುಗರು ಹಳೆಯ ಪುಸ್ತಕಗಳಿಂದ ಆಯ್ದು ಚೀಟಿಗಳಲ್ಲಿ ಬರೆದು ಕಳುಹಿಸಿದ ವಾಕ್ಯಗಳೇ ಅದರ ಆಧಾರ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟಿನಲ್ಲಿ ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಎತ್ತಿಕೊಟ್ಟಿರುವುದನ್ನು ನೋಡಿದವರಿಗೆ ಈ ವಿಧಾನ ಹೊಸದೆನಿಸುವುದಿಲ್ಲ.

ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಚಂದಾ ಇಲ್ಲದೆ ಪೂರ್ತಿಯಾಗಿ ಸಿಗುವುದಿಲ್ಲ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ವಿಚಾರಿಸಬೇಕಾಗುತ್ತದೆ. ಅದು ದೊರೆಯದಿದ್ದರೆ ಡಗ್ಲಸ್ ಹಾರ್ಪರ್ ಅವರು ಅಂತರ್ಜಾಲದಲ್ಲಿ ನಡೆಸುತ್ತಿರುವ ಉಚಿತ ಪದಮೂಲಕೋಶದಿಂದ ಆರಂಭಿಸಬಹುದು. ಎಲ್ಲಿಂದ ಆರಂಭಿಸಿದರೂ ಮೂರು ಸಂಗತಿಗಳನ್ನು ಬೇರ್ಪಡಿಸಿ ಬರೆದುಕೊಳ್ಳಿ: ಪದ ಯಾವ ಭಾಷೆಯಿಂದ ಬಂದಿತು, ಆ ಭಾಷೆಯಲ್ಲಿ ಅದರ ಅರ್ಥವೇನಿತ್ತು, ಇಂಗ್ಲಿಷಿನಲ್ಲಿ ಪ್ರತಿಯೊಂದು ಅರ್ಥವೂ ಯಾವ ಶತಮಾನದಲ್ಲಿ ಕಾಣಿಸಿಕೊಂಡಿತು. ಶಿಬ್ಬೊಲೆತ್ ಪದಕ್ಕೆ ನಿಘಂಟುಗಳು ಕೊಡುವ ಉತ್ತರ ಹೀಗಿದೆ: ಮೂಲ ಹೀಬ್ರೂ ಭಾಷೆ, ಅಲ್ಲಿ ಅರ್ಥ ‘ಧಾನ್ಯದ ತೆನೆ’ ಅಥವಾ ‘ಹರಿಯುವ ನೀರು’, ಇಂಗ್ಲಿಷಿಗೆ ಬಂದದ್ದು ಬೈಬಲಿನ ಭಾಷಾಂತರಗಳ ಮೂಲಕ, ‘ಪರೀಕ್ಷೆಯ ಮಾತು’ ಎಂಬ ಅರ್ಥ ಬೆಳೆದದ್ದು 17ನೆಯ ಶತಮಾನದಲ್ಲಿ, ‘ಸವಕಲು ಘೋಷಣೆ’ ಎಂಬ ಅರ್ಥ 19ನೆಯ ಶತಮಾನದ್ದು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತೆನೆಗೂ ಸವಕಲು ಘೋಷಣೆಗೂ ಏನು ಸಂಬಂಧ? ಪದದ ಮೂಲಾರ್ಥವನ್ನೇ ಹಿಡಿದುಕೊಂಡು ಯೋಚಿಸುವವರು ‘ತೆನೆಯಂತೆ ಬಲಿತು ಒಣಗಿದ ಮಾತು’ ಎಂಬಂತಹ ವಿವರಣೆಯನ್ನು ಕಟ್ಟಿಬಿಡುತ್ತಾರೆ. ಅದು ಕೇಳಲು ಚೆಂದ, ಆದರೆ ಸುಳ್ಳು. ನಿಘಂಟು ಸೂಚಿಸಿದ ಮೂಲಗ್ರಂಥಕ್ಕೇ ಹೋಗಬೇಕು.

ಮೂಲ ಪ್ರಸಂಗ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ‘ನ್ಯಾಯಸ್ಥಾಪಕರು’ ಎಂಬ ಭಾಗವಿದೆ. ಅದರ 12ನೆಯ ಅಧ್ಯಾಯದ ಮೊದಲ ಆರು ವಚನಗಳನ್ನು ಓದಿ. ಯೊರ್ದನ್ ನದಿಯ ಪೂರ್ವಕ್ಕೆ ಗಿಲ್ಯಾದ್ ಎಂಬ ಪ್ರದೇಶ. ಅಲ್ಲಿಯ ಜನರ ನಾಯಕ ಯೆಪ್ತಾಹ. ಅವನು ಅಮ್ಮೋನಿಯರನ್ನು ಯುದ್ಧದಲ್ಲಿ ಸೋಲಿಸಿ ಹಿಂದಿರುಗಿದ್ದಾನೆ. ನದಿಯ ಪಶ್ಚಿಮದ ಎಫ್ರಾಯೀಮ್ ಕುಲದವರು ನದಿ ದಾಟಿ ಬಂದು, ತಮ್ಮನ್ನು ಕರೆಯದೆ ಯುದ್ಧಕ್ಕೆ ಹೋದದ್ದೇಕೆಂದು ಜಗಳ ತೆಗೆದು, ಅವನ ಮನೆಗೆ ಬೆಂಕಿ ಇಡುವುದಾಗಿ ಬೆದರಿಸುತ್ತಾರೆ. ಜಗಳ ಯುದ್ಧವಾಗುತ್ತದೆ, ಎಫ್ರಾಯೀಮ್ಯರು ಸೋತು ಓಡುತ್ತಾರೆ. ಮನೆ ಸೇರಬೇಕಾದರೆ ಅವರು ಮತ್ತೆ ಯೊರ್ದನ್ ನದಿಯನ್ನು ದಾಟಬೇಕು. ಆದರೆ ನದಿಯ ಹಾಯಗಡಗಳನ್ನು, ಅಂದರೆ ನಡೆದು ದಾಟಬಹುದಾದ ಜಾಗಗಳನ್ನು, ಗಿಲ್ಯಾದಿನವರು ಮೊದಲೇ ಹಿಡಿದುಕೊಂಡಿದ್ದಾರೆ.

ಈಗ ಕಾವಲುಗಾರರಿಗೆ ಒಂದು ಸಮಸ್ಯೆ ಎದುರಾಗುತ್ತದೆ. ಎಫ್ರಾಯೀಮ್ಯರು ಪರದೇಶದವರಲ್ಲ, ಅವರೂ ಇಸ್ರಾಯೇಲ್ಯರೇ, ಆಡುವ ನುಡಿಯೂ ಅದೇ. ದಾಟಲು ಬಂದವನನ್ನು ‘ನೀನು ಎಫ್ರಾಯೀಮ್ಯನೋ?’ ಎಂದು ಕೇಳಿದರೆ ಅವನು ‘ಅಲ್ಲ’ ಎನ್ನುತ್ತಾನೆ. ಆಗ ‘ಶಿಬ್ಬೋಲೆತ್ ಎನ್ನು, ನೋಡೋಣ’ ಎನ್ನುತ್ತಾರೆ. ಅವನು ‘ಸಿಬ್ಬೋಲೆತ್’ ಎನ್ನುತ್ತಾನೆ. ಅವನ ಕುಲದವರ ನಾಲಗೆಯಲ್ಲಿ ಆ ಧ್ವನಿ ಗಿಲ್ಯಾದಿನವರಂತೆ ಹೊರಡುವುದಿಲ್ಲ. ಅಷ್ಟರಿಂದಲೇ ಅವನನ್ನು ಹಿಡಿದು ಅಲ್ಲಿಯೇ ಕೊಲ್ಲುತ್ತಾರೆ. ಹೀಗೆ ಆ ಕಾಲದಲ್ಲಿ ಸತ್ತ ಎಫ್ರಾಯೀಮ್ಯರು 42,000 ಮಂದಿ ಎಂಬುದು ಗ್ರಂಥ ಕೊಡುವ ಲೆಕ್ಕ.

ಈ ಪ್ರಸಂಗವನ್ನು ಓದಿದ ಮೇಲೆ ಪದದ ಅರ್ಥದ ಗುಟ್ಟು ತೆರೆದುಕೊಳ್ಳುತ್ತದೆ. ಹಾಯಗಡದಲ್ಲಿ ನಿಂತವನಿಗೆ ಆ ಪದದ ಅರ್ಥ ಬೇಕಾಗಿರಲಿಲ್ಲ; ತೆನೆಯಾಗಲಿ ತೊರೆಯಾಗಲಿ ಅವನಿಗೆ ಒಂದೇ. ಅವನು ಕಿವಿಗೊಟ್ಟದ್ದು ಮೊದಲ ವ್ಯಂಜನಕ್ಕೆ ಮಾತ್ರ. ಇಂಗ್ಲಿಷ್ ಅರ್ಥ ಹುಟ್ಟಿದ್ದು ಪದದ ಒಳಗಿನ ಅರ್ಥದಿಂದಲ್ಲ, ಅದನ್ನು ಬಳಸಿದ ಸಂದರ್ಭದಿಂದ. ಪದಮೂಲವನ್ನು ಹುಡುಕುವವರು ಧಾತುವನ್ನು ಕಂಡೊಡನೆ ಕೆಲಸ ಮುಗಿಯಿತೆಂದು ಭಾವಿಸದೆ, ಆ ಪದ ಯಾರ ಬಾಯಿಂದ, ಯಾವ ಸನ್ನಿವೇಶದಲ್ಲಿ, ಯಾವ ಕೆಲಸಕ್ಕಾಗಿ ಹೊರಬಂದಿತು ಎಂಬುದನ್ನೂ ಕೇಳಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಈ ಅನುಭವದಿಂದಲೇ.

ತೆನೆಯೋ ತೊರೆಯೋ

ಆದರೂ ರೂಪದ ಮೂಲವನ್ನು ಬಿಡುವಂತಿಲ್ಲ. ಅದರಲ್ಲಿಯೂ ಕಲಿಯಬೇಕಾದದ್ದು ಬಹಳವಿದೆ. ಹೀಬ್ರೂ ಬೈಬಲಿನಲ್ಲಿ ಈ ಪದ ಎರಡು ಅರ್ಥಗಳಲ್ಲಿ ಬರುತ್ತದೆ. ಆದಿಕಾಂಡದ 41ನೆಯ ಅಧ್ಯಾಯದಲ್ಲಿ ಫರೋಹನ ಕನಸಿನಲ್ಲಿ ಕಾಣಿಸುವ ಏಳು ಪುಷ್ಟವಾದ ತೆನೆಗಳಿಗೂ ಏಳು ಒಣಗಿದ ತೆನೆಗಳಿಗೂ, ರೂತಳು ಹೊಲದಲ್ಲಿ ಹಕ್ಕಲಾಯುವಾಗ ಆರಿಸುವ ತೆನೆಗಳಿಗೂ ಇದೇ ಪದದ ಬಹುವಚನ ‘ಶಿಬ್ಬೊಲೀಮ್’ ಬಳಕೆಯಾಗಿದೆ. 69ನೆಯ ಕೀರ್ತನೆಯಲ್ಲಿ ಭಕ್ತನನ್ನು ಮುಳುಗಿಸಲು ಬರುವ ಪ್ರವಾಹಕ್ಕೂ, ಯೆಶಾಯನ ಗ್ರಂಥದಲ್ಲಿ ನದಿಯ ಹರಿವಿಗೂ ‘ಶಿಬ್ಬೋಲೆತ್’ ಎಂದೇ ಹೇಳಿದೆ. ನದಿಯ ದಡದಲ್ಲಿ ನಡೆದ ಘಟನೆಯಾದ್ದರಿಂದ ಕಾವಲುಗಾರರ ಮನಸ್ಸಿನಲ್ಲಿ ಇದ್ದದ್ದು ಹರಿಯುವ ನೀರು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಹಳೆಯ ಭಾಷಾಂತರಕಾರರು ತೆನೆಯನ್ನೇ ಆರಿಸಿಕೊಂಡರು.

ಆ ಭಾಷಾಂತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಪದದ ಚರಿತ್ರೆಯನ್ನು ಅರಿಯುವ ಬಹಳ ಫಲಕಾರಿಯಾದ ವಿಧಾನ. ಗ್ರೀಕ್ ಭಾಷೆಯಲ್ಲಿ ‘ಶ’ ಧ್ವನಿ ಇರಲಿಲ್ಲ. ಆದ್ದರಿಂದ ಶ–ಸ ಭೇದವನ್ನೇ ನೆಚ್ಚಿಕೊಂಡ ಈ ಕಥೆಯನ್ನು ಗ್ರೀಕಿಗೆ ತರುವವರು ಕಕ್ಕಾಬಿಕ್ಕಿಯಾದರು. ಪ್ರಾಚೀನ ಗ್ರೀಕ್ ಭಾಷಾಂತರದ ಎರಡು ಪ್ರಸಿದ್ಧ ಹಸ್ತಪ್ರತಿಗಳಲ್ಲಿ ವ್ಯಾಟಿಕನ್ ಪ್ರತಿಯು ‘ಸ್ಟಾಖುಸ್’, ಅಂದರೆ ತೆನೆ, ಎಂದು ಪದದ ಅರ್ಥವನ್ನೇ ಕೊಡುತ್ತದೆ. ಅಲೆಕ್ಸಾಂಡ್ರಿಯದ ಪ್ರತಿಯು ‘ಸುಂಥೇಮ’, ಅಂದರೆ ಗುಪ್ತಸಂಕೇತದ ಮಾತು, ಎಂದು ಪದದ ಕೆಲಸವನ್ನು ಹೇಳುತ್ತದೆ. ಎರಡರಲ್ಲಿಯೂ ಧ್ವನಿ ಹೋಗಿಬಿಟ್ಟಿತು. ಕ್ರೈಸ್ತ ವಿದ್ವಾಂಸ ಜೆರೋಮ್ ಬೈಬಲನ್ನು ಲ್ಯಾಟಿನ್‌ಗೆ ಅನುವಾದಿಸುವಾಗ ಹೀಬ್ರೂ ಪದವನ್ನು ಹಾಗೆಯೇ ಉಳಿಸಿಕೊಂಡು, ‘ಇದರ ಅರ್ಥ ಸ್ಪಿಕಾ’ ಎಂದು ಸೇರಿಸಿದ. ಲ್ಯಾಟಿನ್‌ನಲ್ಲಿ ಸ್ಪಿಕಾ ಎಂದರೆ ತೆನೆ. ನಾವು ಚಿತ್ತಾ ನಕ್ಷತ್ರ ಎಂದು ಕರೆಯುವ ಕನ್ಯಾರಾಶಿಯ ಹೊಳೆಯುವ ತಾರೆಗೆ ಪಾಶ್ಚಾತ್ಯ ಖಗೋಳಶಾಸ್ತ್ರದಲ್ಲಿ ಇದೇ ಸ್ಪಿಕಾ ಎಂಬ ಹೆಸರು. ಕನ್ಯೆಯ ಕೈಯಲ್ಲಿರುವ ತೆನೆ ಅದು. ಅರಬ್ಬೀ ಭಾಷೆಯಲ್ಲಿ ಕನ್ಯಾರಾಶಿಗೆ ‘ಸುನ್‌ಬುಲಾ’ ಎಂಬ ಹೆಸರೂ ಉಂಟು. ಈ ಸುನ್‌ಬುಲಾ ಎಂದರೂ ತೆನೆಯೇ, ಅದು ಹೀಬ್ರೂವಿನ ಶಿಬ್ಬೋಲೆತ್‌ಗೆ ಜ್ಞಾತಿಪದವೂ, ಅಂದರೆ ಒಂದೇ ಮೂಲದಿಂದ ಬಂದ ಪದವೂ, ಹೌದು. ಪ್ರಾಚೀನ ಮೆಸೊಪೊಟೇಮಿಯದ ಅಕ್ಕೇಡಿಯನ್ ಭಾಷೆಯ ‘ಶುಬುಲ್ತು’ ಅದೇ ಕುಟುಂಬದ್ದು. ಕನ್ನಡಕ್ಕಾದರೋ ಗ್ರೀಕರಿಗಿದ್ದ ಕಷ್ಟವಿಲ್ಲ. ಶ ಮತ್ತು ಸ ಎರಡೂ ನಮ್ಮ ವರ್ಣಮಾಲೆಯಲ್ಲಿ ಇರುವುದರಿಂದ ಪ್ರಸಂಗವು ಮೂಲದ ಬಿಗಿಯೊಡನೆ ಕನ್ನಡಕ್ಕೆ ಬರುತ್ತದೆ.

ಹೀಬ್ರೂ ಲಿಪಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ವರಚಿಹ್ನೆಗಳೂ ಚುಕ್ಕೆಗಳೂ ಇಲ್ಲದ ಹಳೆಯ ಬರವಣಿಗೆಯಲ್ಲಿ ಶ ಧ್ವನಿಗೂ ಒಂದು ಬಗೆಯ ಸ ಧ್ವನಿಗೂ ಒಂದೇ ಅಕ್ಷರ. ಆ ಅಕ್ಷರವನ್ನೇ ಎರಡು ಸಲ ಬರೆದಿದ್ದರೆ ಕಥೆಯ ಜೀವವೇ ಹೋಗುತ್ತಿತ್ತು. ಆದ್ದರಿಂದ ಗ್ರಂಥಕಾರನು ಎಫ್ರಾಯೀಮ್ಯನ ಉಚ್ಚಾರವನ್ನು ‘ಸಾಮೆಖ್’ ಎಂಬ ಬೇರೆಯೇ ಅಕ್ಷರದಿಂದ ಬರೆದಿದ್ದಾನೆ. ಆ ಕಾಲದಲ್ಲಿ ಎರಡು ಕುಲಗಳ ಉಚ್ಚಾರಣೆಯಲ್ಲಿದ್ದ ನಿಜವಾದ ವ್ಯತ್ಯಾಸವೇನು ಎಂಬುದರ ಬಗ್ಗೆ ಭಾಷಾವಿಜ್ಞಾನಿಗಳು ಇಂದಿಗೂ ಚರ್ಚಿಸುತ್ತಾರೆ. 1942ರಲ್ಲಿ ಇ. ಎ. ಸ್ಪೈಸರ್ ಅವರು ಗಿಲ್ಯಾದಿನವರ ನುಡಿಯಲ್ಲಿ ಮೊದಲ ವ್ಯಂಜನವು ಶ ಆಗಿರದೆ, ಹಲ್ಲುಗಳ ನಡುವೆ ಹೊರಡುವ ಹಳೆಯ ಧ್ವನಿಯಾಗಿದ್ದಿರಬೇಕೆಂದು ವಾದಿಸಿದರು. ಅದನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಇಂಗ್ಲಿಷ್ ಪದದ ಚರಿತ್ರೆಗೆ ಈ ಚರ್ಚೆಯ ತೀರ್ಮಾನ ಬೇಕಿಲ್ಲ.

ಇಂದಿನ ಇಸ್ರೇಲಿನ ಹೀಬ್ರೂವಿನಲ್ಲಿ ಈ ಪದ ಸಾಮಾನ್ಯವಾದ ಬೇಸಾಯದ ಪದವಾಗಿಯೇ ಉಳಿದಿದೆ. ಓಟ್ಸ್ ಧಾನ್ಯಕ್ಕೆ ಅಲ್ಲಿ ‘ಶಿಬ್ಬೋಲೆತ್ ಶೂಆಲ್’ ಎನ್ನುತ್ತಾರೆ. ನರಿಯ ತೆನೆ ಎಂದರ್ಥ. ಇಂಗ್ಲಿಷಿನಲ್ಲಿ ಇಷ್ಟು ಗಂಭೀರವಾದ ಪದವು ಅಲ್ಲಿ ಅಂಗಡಿಯ ಪೊಟ್ಟಣದ ಮೇಲೆ ಇರುತ್ತದೆ. ಮೂಲಭಾಷೆಯ ಇಂದಿನ ಬಳಕೆಯನ್ನೂ ಒಮ್ಮೆ ನೋಡಿಕೊಳ್ಳಬೇಕೆನ್ನುವುದು ಇಂತಹ ಕಾರಣಗಳಿಗಾಗಿಯೇ.

ಹೋಲಿಕೆಯ ಬಲೆ

ಪದಮೂಲದ ಹುಡುಕಾಟದಲ್ಲಿ ಧ್ವನಿಸಾಮ್ಯಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಬೇರೊಂದಿಲ್ಲ. ಸಂಸ್ಕೃತ ಬಲ್ಲವರಿಗೆ ‘ಶಿಬ್ಬೊಲೆತ್’ ಕಂಡೊಡನೆ ‘ಶಿಬಿರ’ ನೆನಪಾಗಬಹುದು. ಸೈನ್ಯದ ಶಿಬಿರ, ಶಿಬಿರದ ಬಾಗಿಲಿನ ಕಾವಲು, ಕಾವಲಿನವನಿಗೆ ಹೇಳಬೇಕಾದ ಗುಪ್ತಪದ ಎಂದು ಅರ್ಥವೂ ಸಲೀಸಾಗಿ ಕೂಡಿಬರುತ್ತದೆ. ಆದರೂ ಈ ಎರಡು ಪದಗಳ ನಡುವೆ ಯಾವ ಸಂಬಂಧವೂ ಇಲ್ಲ. ಹೀಬ್ರೂ ಪದದ ಕೊನೆಯ ‘ಎತ್’ ಸ್ತ್ರೀಲಿಂಗದ ಪ್ರತ್ಯಯ, ಅದಕ್ಕೆ ಹಿಂದಿನದು ಶ–ಬ–ಲ ಎಂಬ ಮೂರು ವ್ಯಂಜನಗಳ ಧಾತು. ‘ಶಿಬಿರ’ದಲ್ಲಿ ಈ ರಚನೆ ಇಲ್ಲ, ಹೀಬ್ರೂ ಪದ ಭಾರತದ ಕಡೆಯಿಂದ ಹೋಯಿತೆನ್ನಲು ಯಾವ ದಾಖಲೆಯೂ ಇಲ್ಲ. ಹಳೆಯ ಇಂಗ್ಲಿಷ್ ಕ್ರಿಯಾಪದಗಳ ಕೊನೆಯಲ್ಲಿ ಬರುವ ‘ಎತ್’ ಪ್ರತ್ಯಯದ ನೆನಪಿನಿಂದ ಇದನ್ನು ಅಚ್ಚ ಇಂಗ್ಲಿಷ್ ಪದವೆಂದು ತಿಳಿಯುವುದೂ ಇಂತಹುದೇ ತಪ್ಪು. ಎರಡು ಪದಗಳು ಒಂದೇ ಮೂಲದವು ಎನ್ನಬೇಕಾದರೆ ಧ್ವನಿಗಳ ನಡುವೆ ಬೇರೆ ಪದಗಳಲ್ಲಿಯೂ ಕಾಣುವ ನಿಯತವಾದ ಸಂಬಂಧ ಬೇಕು, ಇಲ್ಲವೇ ಪದ ಒಂದು ಭಾಷೆಯಿಂದ ಇನ್ನೊಂದಕ್ಕೆ ನಡೆದುಬಂದ ದಾರಿಯ ದಾಖಲೆ ಬೇಕು. ಅರಬ್ಬೀ ಸುನ್‌ಬುಲಾ ಜ್ಞಾತಿಪದವೆಂದು ಒಪ್ಪುವುದು ಇಂತಹ ಆಧಾರವಿರುವುದರಿಂದ, ಶಿಬಿರವನ್ನು ಒಪ್ಪದಿರುವುದು ಅದು ಇಲ್ಲದಿರುವುದರಿಂದ.

ಇಂಗ್ಲಿಷಿನಲ್ಲಿ ಅರ್ಥ ಬೆಳೆದ ಬಗೆ

1611ರ ಕಿಂಗ್ ಜೇಮ್ಸ್ ಬೈಬಲ್ ಇಂಗ್ಲೆಂಡಿನ ಮನೆಮನೆಯಲ್ಲಿ ಓದಿಸಿಕೊಂಡ ಪುಸ್ತಕವಾದ್ದರಿಂದ ಹಾಯಗಡದ ಪ್ರಸಂಗ ಆ ಕಾಲದ ಓದುಗರಿಗೆ ಚೆನ್ನಾಗಿ ತಿಳಿದಿತ್ತು. ಮಿಲ್ಟನ್ 1671ರಲ್ಲಿ ಪ್ರಕಟಿಸಿದ ‘ಸ್ಯಾಮ್ಸನ್ ಅಗೊನಿಸ್ಟಿಸ್’ ಕಾವ್ಯನಾಟಕದಲ್ಲಿ, ಶಿಬ್ಬೊಲೆತ್ ಎಂದು ಸರಿಯಾಗಿ ಉಚ್ಚರಿಸಲಾಗದ ಕಾರಣಕ್ಕೆ ಮರಣಕ್ಕೆ ಗುರಿಯಾದವರ ಪ್ರಸ್ತಾಪ ಬರುತ್ತದೆ. 17ನೆಯ ಶತಮಾನದ ಇಂಗ್ಲೆಂಡ್ ಮತಪಂಥಗಳ ಕಲಹದಲ್ಲಿ ಬೆಂದ ನಾಡು; ಒಬ್ಬನು ಯಾವ ಪಂಥದವನೆಂಬುದನ್ನು ಅವನು ಬಳಸುವ ಒಂದೆರಡು ಮಾತುಗಳಿಂದಲೇ ಅಳೆಯುತ್ತಿದ್ದ ಕಾಲ ಅದು. ಉಚ್ಚಾರಣೆಯ ಪರೀಕ್ಷೆಯಿಂದ ನಂಬಿಕೆಯ ಪರೀಕ್ಷೆಗೆ ಪದ ಸರಿದದ್ದು ಹೀಗೆ. ಮುಂದಿನ ಮೆಟ್ಟಿಲು ಸಹಜವಾದದ್ದೇ: ಪಂಥದವರು ತಮ್ಮ ಗುರುತಿಗಾಗಿ ಹೇಳುತ್ತಾ ಬಂದ ಮಾತು, ಅದರ ಒಳಗಿನ ವಿಚಾರ ಬತ್ತಿದ ಮೇಲೆಯೂ, ಗುರುತಾಗಿ ಉಳಿಯುತ್ತದೆ. ಹೊರಗಿನವರ ಕಿವಿಗೆ ಅದು ಬರಿಯ ಘೋಷಣೆಯಾಗಿ ಕೇಳಿಸುತ್ತದೆ. 19ನೆಯ ಶತಮಾನದ ‘ಸವಕಲು ಘೋಷಣೆ’ ಎಂಬ ಅರ್ಥ ಇಲ್ಲಿಂದ ಬಂದದ್ದು. ನೀವು ಆರಂಭದಲ್ಲಿ ಬರೆದುಕೊಂಡ ಮೂರು ವಾಕ್ಯಗಳನ್ನು ಈಗ ತೆಗೆದು ನೋಡಿದರೆ, ಮಾರುಕಟ್ಟೆಯ ವಾಕ್ಯ ಈ ಕೊನೆಯ ಮೆಟ್ಟಿಲಿನದೆಂದೂ, ಊರಿನ ಹೆಸರಿನ ವಾಕ್ಯ ಮೊದಲನೆಯದೆಂದೂ, ವ್ಯಾಕರಣದ ವಾಕ್ಯ ಎರಡನ್ನೂ ತಾಗಿ ನಿಂತಿದೆಯೆಂದೂ ಕಾಣುತ್ತದೆ.

ಭಾಷಾವಿಜ್ಞಾನಿಗಳು ಮೊದಲ ಅರ್ಥವನ್ನು ಬಿಟ್ಟುಕೊಡಲಿಲ್ಲ, ಏಕೆಂದರೆ ಅಂತಹ ಘಟನೆಗಳು ಬೈಬಲಿನ ಕಾಲಕ್ಕೆ ಮುಗಿಯಲಿಲ್ಲ. 1282ರಲ್ಲಿ ಸಿಸಿಲಿಯ ಜನರು ಫ್ರೆಂಚರ ವಿರುದ್ಧ ದಂಗೆಯೆದ್ದಾಗ ಕಡಲೆಯ ಹೆಸರಾದ ‘ಚಿಚಿರಿ’ ಎಂಬುದನ್ನು ಹೇಳಿಸಿ ಫ್ರೆಂಚರನ್ನು ಪತ್ತೆಹಚ್ಚಿದರೆಂದು ಪ್ರತೀತಿ. 1302ರ ಮೇ ತಿಂಗಳಲ್ಲಿ ಬ್ರೂಜ್ ನಗರದಲ್ಲಿ ‘ಗುರಾಣಿ ಮತ್ತು ಗೆಳೆಯ’ ಎಂಬ ಅರ್ಥದ ಫ್ಲೆಮಿಷ್ ಮಾತನ್ನು ಇದೇ ಕೆಲಸಕ್ಕೆ ಬಳಸಿದರೆಂದು ಹೇಳುತ್ತಾರೆ. ಶ್ರೀಲಂಕಾದಲ್ಲಿ 1983ರ ಜುಲೈ ಗಲಭೆಗಳ ಸಮಯದಲ್ಲಿ ಬಸ್ಸುಗಳನ್ನು ತಡೆದು, ಬಕೆಟ್ ಎಂಬ ಅರ್ಥದ ಸಿಂಹಳ ಪದ ‘ಬಾಲ್ದಿಯ’ವನ್ನು ಹೇಳಿಸಿ, ಪದಾದಿಯ ಬಕಾರ ಸಲೀಸಾಗಿ ಬಾರದ ತಮಿಳರನ್ನು ಗುರುತಿಸಿ ಕೊಂದರೆಂಬ ವರದಿಗಳಿವೆ. ನಮ್ಮ ಕರಾವಳಿಯ ಮನೆಗಳಲ್ಲಿ ನೀರು ಸೇದಿಡುವ ‘ಬಾಲ್ದಿ’ಯೂ ಆ ‘ಬಾಲ್ದಿಯ’ವೂ ಒಂದೇ ಪೋರ್ಚುಗೀಸ್ ಪದದಿಂದ ಬಂದವು. 2022ರಲ್ಲಿ ಉಕ್ರೇನಿಯನ್ನರು ರಷ್ಯನ್ನರನ್ನು ಗುರುತಿಸಲು ತಮ್ಮ ಒಂದು ಬಗೆಯ ರೊಟ್ಟಿಯ ಹೆಸರಾದ ‘ಪಾಲ್ಯಾನಿತ್ಸ್ಯ’ವನ್ನು ಮುಂದಿಟ್ಟದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಇಂತಹ ಕಥೆಗಳನ್ನು ಉದಾಹರಣೆಯಾಗಿ ಬಳಸುವ ಮುನ್ನ ಪರಿಶೀಲಿಸಬೇಕು. 1937ರ ಅಕ್ಟೋಬರ್‌ನಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಲ್ಯೊನ ಆಜ್ಞೆಯಂತೆ ಗಡಿಪ್ರದೇಶದ ಸಾವಿರಾರು ಹೈಟಿಯನ್ನರನ್ನು ಕೊಂದರು. ಸೈನಿಕರು ಪಾರ್ಸ್ಲಿ ಸೊಪ್ಪಿನ ಕಟ್ಟನ್ನು ತೋರಿಸಿ ಅದರ ಸ್ಪ್ಯಾನಿಷ್ ಹೆಸರಾದ ‘ಪೆರೆಹಿಲ್’ ಅನ್ನು ಹೇಳಿಸುತ್ತಿದ್ದರು, ಹೈಟಿಯ ಕ್ರಿಯೋಲ್ ಆಡುವವರಿಗೆ ಅದರ ರಕಾರ ಬರುತ್ತಿರಲಿಲ್ಲ ಎಂಬುದು ಪ್ರಸಿದ್ಧ ಕಥೆ. ಆ ಕಗ್ಗೊಲೆಗೆ ಪಾರ್ಸ್ಲಿಯ ಹೆಸರೇ ಅಂಟಿಕೊಂಡಿದೆ. ಆದರೆ ಆ ಗಡಿಯಲ್ಲಿದ್ದ ಹೈಟಿ ಮೂಲದವರಲ್ಲಿ ಅನೇಕರು ಅಲ್ಲಿಯೇ ಹುಟ್ಟಿ ಬೆಳೆದು, ಎರಡೂ ಭಾಷೆಗಳನ್ನು ಸರಾಗವಾಗಿ ಆಡುತ್ತಿದ್ದರೆಂದು ಇತಿಹಾಸಕಾರರು ತೋರಿಸಿದ್ದಾರೆ. ಅಂಥವರನ್ನು ಒಂದು ರಕಾರದಿಂದ ಬೇರ್ಪಡಿಸಲು ಸಾಧ್ಯವಿರಲಿಲ್ಲ. ಇದು ನನಗೆ ಕಥೆಗಿಂತ ಮುಖ್ಯವಾಗಿ ಕಾಣುತ್ತದೆ: ಕೊಲ್ಲಲು ನಿಂತವನಿಗೆ ಉಚ್ಚಾರಣೆ ಒಂದು ನೆಪ, ಮತ್ತು ಆ ನೆಪ ನಿಜವಾದ ಭೇದವನ್ನು ತೋರಿಸಲೇಬೇಕೆಂದಿಲ್ಲ. ಘಟನೆ ನಡೆದದ್ದಕ್ಕೂ ಅದು ಮೊದಲು ಬರಹಕ್ಕೆ ಇಳಿದದ್ದಕ್ಕೂ ನಡುವೆ ಎಷ್ಟು ಅಂತರವಿದೆ, ಬರೆದವರು ಅಲ್ಲಿದ್ದವರೋ ಕೇಳಿ ಬರೆದವರೋ ಎಂದು ವಿಚಾರಿಸದೆ ‘ಹೀಗೆ ನಡೆಯಿತು’ ಎಂದು ಬರೆಯಬೇಡಿ; ‘ಹೀಗೆ ಹೇಳುತ್ತಾರೆ’ ಎಂದು ಬರೆಯುವುದರಲ್ಲಿ ಯಾವ ಕೊರತೆಯೂ ಇಲ್ಲ.

ಬಳಸುವಾಗ, ಅನುವಾದಿಸುವಾಗ

ಇಷ್ಟು ಹುಡುಕಿದ ಮೇಲೆ ಪದವನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಶಿಬ್ಬೊಲೆತ್ ಎನ್ನಬೇಕಾದರೆ ದಾಟಬೇಕಾದ ಒಂದು ಗಡಿ ಇರಬೇಕು, ಅಲ್ಲಿ ಒಬ್ಬ ಕಾವಲುಗಾರ ಇರಬೇಕು, ಮತ್ತು ದಾಟುವವನು ಸುಲಭವಾಗಿ ಮುಚ್ಚಿಡಲಾಗದ ಗುರುತೊಂದು ಇರಬೇಕು. ಗುಪ್ತಪದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ: ಗುಪ್ತಪದವನ್ನು ಯಾರಾದರೂ ಕಿವಿಯಲ್ಲಿ ಹೇಳಿಕೊಟ್ಟರೆ ನೀವು ಒಳಗೆ ಹೋಗಬಹುದು, ಶಿಬ್ಬೊಲೆತ್‌ನಲ್ಲಿ ಪದವನ್ನು ಕಾವಲಿನವನೇ ಹೇಳಿಕೊಡುತ್ತಾನೆ, ಆದರೂ ಹೋಗಲಾಗುವುದಿಲ್ಲ.

ಧಾರವಾಡದವರು ಮಾತಿನ ಕೊನೆಗೆ ‘ರೀ’ ಸೇರಿಸುವುದರಿಂದ ಅವರ ಊರು ತಿಳಿಯುತ್ತದೆ. ಅದು ಗುರುತು ಮಾತ್ರ. ಯಾವ ಬಾಗಿಲನ್ನೂ ಅದು ಮುಚ್ಚುವುದಿಲ್ಲವಾದ್ದರಿಂದ ಶಿಬ್ಬೊಲೆತ್ ಎನ್ನಲಾಗದು. ಹಾಲನ್ನು ‘ಆಲು’ ಎನ್ನುವವನನ್ನೂ ‘ಶಾಲೆ’ಯನ್ನು ‘ಸಾಲೆ’ ಎನ್ನುವವನನ್ನೂ ತರಗತಿಯಲ್ಲಿ, ಕೆಲಸದ ಸಂದರ್ಶನದಲ್ಲಿ, ವೇದಿಕೆಯ ಮೇಲೆ ಕೀಳಾಗಿ ಕಾಣುವಲ್ಲಿ ಮಾತ್ರ ಆ ಉಚ್ಚಾರಣೆ ನಿಜವಾದ ಶಿಬ್ಬೊಲೆತ್ ಆಗುತ್ತದೆ. ಗಿಲ್ಯಾದಿನವರ ಹಾಯಗಡದಲ್ಲಿ ಪರೀಕ್ಷೆಗೆ ಗುರಿಯಾದದ್ದೂ ಇದೇ ಶ ಮತ್ತು ಸ ಎಂಬುದನ್ನು ಕನ್ನಡದ ಓದುಗರು ಹೆಚ್ಚು ತೀವ್ರವಾಗಿ ಅರಿಯಬಲ್ಲರು. ಆಡುನುಡಿಯ ಆಧಾರದಿಂದ ಮಕ್ಕಳನ್ನು ಅಳೆಯುವುದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ಆ ಅನ್ಯಾಯದ ಬಗ್ಗೆ ಬರೆಯುವವರಿಗೆ ಇಷ್ಟು ನಿಖರವಾದ ಪದ ಮತ್ತೊಂದು ಸಿಗುವುದು ಕಷ್ಟ.

ಕನ್ನಡಕ್ಕೆ ತರುವಾಗ ಅರ್ಥದ ಮೆಟ್ಟಿಲನ್ನು ಮೊದಲು ನಿರ್ಧರಿಸಿ. ಹೊರಗಿನವರನ್ನು ಪತ್ತೆಹಚ್ಚುವ ಉಚ್ಚಾರಣೆಯಾದರೆ ‘ಪತ್ತೆನುಡಿ’ ಅಥವಾ ‘ಗುರುತಿನ ನುಡಿ’ ಹೊಂದುತ್ತದೆ. ಪಕ್ಷದ ಹಳೆಯ ಮಾತಾದರೆ ‘ಸವಕಲು ಘೋಷಣೆ’ ಸಾಕು. ಪಂಥದ ನಿಷ್ಠೆಯನ್ನು ಅಳೆಯುವ ಮಾತಾದರೆ ‘ನಿಷ್ಠೆಯ ಪರೀಕ್ಷೆ’ ಎನ್ನಬಹುದು. ಕೆಲವರು ‘ಒರೆಗಲ್ಲು’ ಎಂದು ಅನುವಾದಿಸುತ್ತಾರೆ. ಅದನ್ನು ನಾನು ಒಪ್ಪಲಾರೆ. ಒರೆಗಲ್ಲು ಚಿನ್ನದ ಗುಣವನ್ನು ಹೇಳುತ್ತದೆ, ಶಿಬ್ಬೊಲೆತ್ ಒಬ್ಬನು ಎಲ್ಲಿಯವನು, ಯಾರ ಕಡೆಯವನು ಎಂಬುದನ್ನಷ್ಟೇ ಹೇಳುತ್ತದೆ. ಅವನು ಒಳ್ಳೆಯವನೋ ಅಲ್ಲವೋ ಎಂಬುದು ಅದಕ್ಕೆ ಗೊತ್ತಾಗುವುದೇ ಇಲ್ಲ.

ಪದವು ಹೆಸರಾಗಿ ಬಂದಿರುವ ಕಡೆ ಅನುವಾದಿಸುವ ಗೋಜಿಗೆ ಹೋಗಬಾರದು. ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಓದುವ ನಮ್ಮ ವಿದ್ಯಾರ್ಥಿಗಳು ಗ್ರಂಥಾಲಯದ ಪತ್ರಿಕೆಗಳನ್ನು ಓದಲು ಲಾಗಿನ್ ಆಗುವಾಗ ‘ಶಿಬ್ಬೊಲೆತ್’ ಎಂಬ ತಂತ್ರಾಂಶದ ಹೆಸರನ್ನು ನೋಡಿರುತ್ತಾರೆ; ಒಳಗೆ ಬಿಡಬೇಕಾದವರನ್ನು ಗುರುತಿಸುವುದೇ ಅದರ ಕೆಲಸವಾದ್ದರಿಂದ ಆ ಹೆಸರು. ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೊ 2007ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ವಿಶಾ­ಲ ಸಭಾಂಗಣದ ನೆಲದಲ್ಲಿ 167 ಮೀಟರ್ ಉದ್ದದ ಬಿರುಕನ್ನು ಮೂಡಿಸಿ ಆ ಕೃತಿಗೆ ಇದೇ ಹೆಸರನ್ನಿಟ್ಟರು. ಜನಾಂಗಗಳ ನಡುವಿನ ಬಿರುಕು, ಗಡಿ ದಾಟಲು ಬಂದ ವಲಸಿಗರ ಪಾಡು ಅವರ ಮನಸ್ಸಿನಲ್ಲಿತ್ತು. ಇಂತಹ ಕಡೆಗಳಲ್ಲಿ ಪದವನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದು, ಮೊದಲ ಸಲ ಬಂದಾಗ ಹಾಯಗಡದ ಪ್ರಸಂಗವನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿಬಿಟ್ಟರೆ, ಮುಂದೆ ಅದು ಎಷ್ಟು ಸಲ ಬಂದರೂ ಓದುಗರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.